ಬಾಯಿ ಮುಚ್ಚದೆ ಹತ್ತಿದ ಬೆಟ್ಟ

ಆ ವರ್ಷ ಮುಪ್ಪಯ್ಯ ಗುರುಗಳ ಜೊತೆ ಬೆಟ್ಟಕ್ಕೆ ಹೊರಟವರು ಇಬ್ಬರು ಶಿಷ್ಯರು. ಶಂಭುಲಿಂಗನಿಗೆ ಬಾಯಿ ತೆರೆಯುವುದು ಕಷ್ಟ. ಅಡಿವೆಪ್ಪನಿಗೆ ಮುಚ್ಚುವುದು.

ಬೆಟ್ಟವೂ ಅಂಥಿಂಥದ್ದಲ್ಲ. ಹೊಟ್ಟೆಯೊಳಗೆ ಬೆಂಕಿ, ಮೈಮೇಲೆ ಹಿಮ, ತುದಿಯಲ್ಲಿ ಸದಾ ತೆರೆದ ಬಾಯಿ. ಅದರಿಂದ ಒಂದೆಳೆ ಹೊಗೆ ಏಳುತ್ತಲೇ ಇರುತ್ತಿತ್ತು. ಸುತ್ತಲಿನ ಜನ ಅದನ್ನು ಹೊಗೆಯಜ್ಜ ಅನ್ನುತ್ತಿದ್ದರು.

ಹೊರಡುವ ಮುಂಚೆ ಅಡಿವೆಪ್ಪ ಆಶ್ರಮದ ಅಡುಗೆಮನೆಯಲ್ಲಿ ಸಾರಿದ್ದ. "ಅಜ್ಜನ ಬಾಯಿವರೆಗೂ ಹೋಗಿ ಇಣುಕಿ, ಹಲ್ಲು ಎಷ್ಟಿವೆ ನೋಡಿಕೊಂಡೇ ಬರ್ತೀನಿ."

ಅಡುಗೆಯವರು ಸೌಟು ಕೆಳಗಿಡದೆ ಹೇಳಿದ್ದರು. "ಅರ್ಧಕ್ಕೇ ಬರ್ತೀಯ ಬಿಡೋ. ಇದುವರೆಗೆ ಏನು ಪೂರ್ತಿ ಮಾಡಿದ್ದೀಯ? ಏಳನೇ ಕ್ಲಾಸಾ?"

ಎಲ್ಲರೂ ನಕ್ಕರು. ಅಡಿವೆಪ್ಪನೂ ನಕ್ಕ. ಆದರೆ ತುದಿ ಮುಟ್ಟದೆ ಆ ಅಡುಗೆಮನೆಗೆ ಕಾಲಿಡಬಾರದು ಅಂತ ಅಲ್ಲೇ ತೀರ್ಮಾನಿಸಿದ.

ಮೊದಲ ದಿನ ಅವನು ನಡೆಯಲಿಲ್ಲ, ಓಡಿದ. ಟೆಂಟು ಹಾಕುವ ಜಾಗಕ್ಕೆ ಎಲ್ಲರಿಗಿಂತ ಮುಂಚೆ ತಲುಪಿ, ಹಿಮದಲ್ಲಿ ಗುಂಡಿ ತೋಡಿ, ಕುತ್ತಿಗೆವರೆಗೆ ಹೂತುಕೊಂಡು, ತಲೆ ಮಾತ್ರ ಹೊರಗಿಟ್ಟ. ಶಂಭುಲಿಂಗ ಬಂದವನೇ ಆ ತಲೆ ನೋಡಿ ಚೀಲ ಬಿಟ್ಟು ಹಿಂದಕ್ಕೆ ಹಾರಿದ.

ತಲೆ ನಗಲಿಲ್ಲ. ವಾಂತಿ ಮಾಡಿಕೊಂಡಿತು.

ಗುರುಗಳು ಅವನನ್ನು ಅಗೆದು ತೆಗೆದರು. ಟೆಂಟಿನಲ್ಲಿ ಮಲಗಿಸಿ, ಹಿಮ ಕರಗಿಸಿ, ಶುಂಠಿ ಹಾಕಿ ಕುದಿಸಿ ಕುಡಿಸಿದರು.

"ಗುರುಗಳೇ, ತಲೆ ಒಡೆದುಹೋಗ್ತಿದೆ. ಶಂಭುಲಿಂಗನಿಗೆ ಏನೂ ಆಗಿಲ್ಲ. ನನಗೆ ಮಾತ್ರ ಯಾಕೆ?"

"ನೀನು ಬೆಟ್ಟಕ್ಕೆ ಚೇಷ್ಟೆ ಮಾಡಿದೆ. ಅದೂ ಮಾಡ್ತು."

ಮಾರನೇ ದಿನವೆಲ್ಲ ಮೂವರೂ ಅಲ್ಲೇ ಉಳಿದರು. ಸಂಜೆಯ ಹೊತ್ತಿಗೆ ಅಡಿವೆಪ್ಪ ಎರಡು ರೊಟ್ಟಿ ತಿಂದು, ಮೂರನೆಯದಕ್ಕೆ ಶಂಭುಲಿಂಗನ ತಟ್ಟೆಗೆ ಕೈ ಹಾಕಿದ. ಗುರುಗಳು ಅದನ್ನು ನೋಡಿದರು.

"ನಾಳೆ ಬೆಳಗ್ಗೆ ತುದಿಗೆ. ನೀನೂ ಬಾ. ಒಂದು ಷರತ್ತು."

"ಗೊತ್ತು ಗುರುಗಳೇ. ಬಾಯಿ ಮುಚ್ಕೊಂಡು ಬರಬೇಕು."

"ಮುಚ್ಚಬಾರದು. ನೀನು ಮುಂದೆ ನಡಿ, ಮಾತಾಡ್ತಾ ನಡಿ. ನಿನ್ನ ಮಾತು ಎಲ್ಲಿ ನಿಲ್ಲುತ್ತೋ ಅಲ್ಲಿಂದ ಮೂವರೂ ವಾಪಸ್."

ಶಂಭುಲಿಂಗ ಹಣೆಗೆ ಕೈ ಹಚ್ಚಿಕೊಂಡ.

ಬೆಳಕು ಹರಿಯುತ್ತಿದ್ದಂತೆ ಬೂಟಿನ ಅಡಿಗೆ ಉಕ್ಕಿನ ಹಲ್ಲು ಬಿಗಿದು, ಒಂದೇ ಹಗ್ಗಕ್ಕೆ ಮೂವರೂ ಕಟ್ಟಿಕೊಂಡರು. ಅಡಿವೆಪ್ಪ ಮುಂದೆ. ಅವನ ಬೆನ್ನ ಹಿಂದೆ ಗುರುಗಳು, ದಾರಿಯನ್ನು ಕೋಲಿನಿಂದ ತೋರಿಸುತ್ತ. ಕೊನೆಗೆ ಶಂಭುಲಿಂಗ.

ಅಡಿವೆಪ್ಪ ಶುರು ಮಾಡಿದ. ಗಣಿತದ ಮೇಷ್ಟ್ರ ಸೈಕಲ್ ಸೀಟಿನ ಕೆಳಗೆ ಕಪ್ಪೆ ಇಟ್ಟ ಕಥೆ. ಕಪ್ಪೆ ಹಾರುವ ಹೊತ್ತಿಗೆ ಅವನ ಉಸಿರು ಸಿಕ್ಕಿಕೊಂಡಿತು. ನಗು ಬರಬೇಕಾದ ಜಾಗದಲ್ಲಿ ಕೆಮ್ಮು ಬಂತು.

"ಕಪ್ಪೆ ಏನಾಯ್ತು?" ಅಂದರು ಗುರುಗಳು.

"ತಡೀರಿ... ಹಾರ್ತು..."

"ಹೀಗೆ ಹೇಳಿದರೆ ಯಾರು ನಗ್ತಾರೆ?"

ಅದು ಅವನಿಗೆ ನಾಟಿತು. ಮುಂದಿನ ಕಥೆಗೆ ಹೆಜ್ಜೆ ಸಣ್ಣದು ಮಾಡಿದ. ಒಂದು ಹೆಜ್ಜೆ, ಎರಡು ಮಾತು. ಒಂದು ಹೆಜ್ಜೆ, ಎರಡು ಮಾತು. ಕಥೆ ಸರಿಯಾಗಿ ಕೊನೆ ಮುಟ್ಟಿತು. ಗುರುಗಳ ಹೊಟ್ಟೆ ಕುಲುಕಿದ್ದು ಹಗ್ಗದಲ್ಲಿ ಗೊತ್ತಾಯಿತು.

ಬಿಸಿಲು ಏರಿತು. ಮೋಡ ಕಾಲ ಕೆಳಗೆ ಹೋಯಿತು.

"ಆಶ್ರಮದ ಗಂಟೆ ಒಂದು ದಿನ ಸದ್ದೇ ಮಾಡಲಿಲ್ಲ ನೋಡಿ," ಅಂದ ಅಡಿವೆಪ್ಪ. "ಅದರ ನಾಲಗೆಗೆ ಬಟ್ಟೆ ಸುತ್ತಿದ್ದು ನಾನೇ."

ಹಗ್ಗ ತಟ್ಟನೆ ಬಿಗಿಯಿತು. ಶಂಭುಲಿಂಗ ನಿಂತುಬಿಟ್ಟಿದ್ದ.

"ಅದು ನೀನಾ? ನಾನು ಗಂಟೆ ಸರಿಯಾಗಿ ಎಳೀಲಿಲ್ಲ ಅಂತ ಮೂರು ದಿನ ಉಪವಾಸ ಮಾಡಿದ್ದೆನಲ್ಲೋ."

"ಗೊತ್ತು. ನಿನ್ನ ಪಾಲಿನ ಊಟ ನಾನೇ ತಿಂದೆ."

ಶಂಭುಲಿಂಗ ಬಾಯಿಗೆ ಬಂದದ್ದನ್ನೆಲ್ಲ ಬೈದ. ಇಡೀ ವರ್ಷದಲ್ಲಿ ಅವನು ಅಷ್ಟು ಮಾತಾಡಿರಲಿಲ್ಲ. ಬೈಯುತ್ತ ಬೈಯುತ್ತ ನಗು ಬಂತು. ಆ ನಗುವಿನಲ್ಲೇ ಒಂದು ಉದ್ದನೆಯ ಹಿಮದ ಇಳಿಜಾರು ದಾಟಿದ್ದು ಯಾರಿಗೂ ಗೊತ್ತಾಗಲಿಲ್ಲ.

ಕೊನೆಯ ಏರು ಗೋಡೆಯಂತೆ ಎದ್ದು ನಿಂತಿತು. ಮೇಲೆ ಗಂಧಕದ ವಾಸನೆ. ಅರ್ಧ ಏರುವಷ್ಟರಲ್ಲಿ ಅಡಿವೆಪ್ಪನ ಕಥೆಗಳು ಖಾಲಿ.

"ಗಣಿತದ ಮೇಷ್ಟ್ರ ಸೈಕಲ್ಲು..."

"ಅದು ಆಯ್ತು," ಅಂದರು ಗುರುಗಳು.

"ಗಂಟೆ..."

"ಅದೂ ಆಯ್ತು."

"ಗುರುಗಳೇ, ಇನ್ನು ಐವತ್ತು ಹೆಜ್ಜೆ ಅಷ್ಟೇ. ಸುಮ್ಮನೆ ಹತ್ತಿಬಿಡೋಣ."

"ಮಾತು ನಿಂತರೆ ವಾಪಸ್."

ಇನ್ನೊಂದೇ ಕಥೆ ಉಳಿದಿತ್ತು. ಅಡಿವೆಪ್ಪನಿಗೆ ಆಶ್ರಮದಲ್ಲಿ ಮುಂದಿನ ಸಾಲಿನ ಚಾಪೆ ಸಿಕ್ಕಿದ್ದು ಆ ಕಥೆಯಿಂದ. ಬಂದವರಿಗೆಲ್ಲ ಗುರುಗಳು ಅವನನ್ನು ತೋರಿಸಿ ಹೇಳುತ್ತಿದ್ದರು, ಈ ಹುಡುಗ ವಿದ್ಯೆಗಾಗಿ ನಲವತ್ತು ದಿನ ನಡೆದು ಬಂದವನು ಅಂತ.

ನಿಜ ಹೇಳಿದರೆ ಚಾಪೆ ಹೋಗುತ್ತದೆ. ಬಹುಶಃ ಆಶ್ರಮವೇ ಹೋಗುತ್ತದೆ. ಹೇಳದಿದ್ದರೆ ತುದಿ ಹೋಗುತ್ತದೆ.

ಅವನು ಮೇಲೆ ನೋಡಿದ. ಹೊಗೆ ಕೈಗೆಟಕುವಷ್ಟು ಹತ್ತಿರವಿತ್ತು.

ಒಂದು ಹೆಜ್ಜೆ ಇಟ್ಟ.

"ನಾನು ನಡೆದು ಬಂದಿರಲಿಲ್ಲ."

ಇನ್ನೊಂದು ಹೆಜ್ಜೆ.

"ಲಾರೀಲಿ ಬಂದೆ. ಈರುಳ್ಳಿ ಲಾರಿ. ಮೂಟೆ ಮೇಲೆ ಮಲಗಿ ಬಂದೆ."

ಹೆಜ್ಜೆ.

"ಪರೀಕ್ಷೆ ಇತ್ತು. ತಪ್ಪಿಸಿಕೊಂಡೆ. ಇಲ್ಲಿ ವಾರಕ್ಕೆರಡು ಸಲ ಪಾಯಸ ಮಾಡ್ತಾರೆ ಅಂತ ಡ್ರೈವರ್ ಹೇಳಿದ."

ಹೆಜ್ಜೆ.

"ಆಶ್ರಮದ ತಿರುವಲ್ಲಿ ಇಳಿದು ಮೈಗೆಲ್ಲ ಧೂಳು ಬಳಿದುಕೊಂಡೆ. ಚಪ್ಪಲಿ ಕಲ್ಲಿಗೆ ತಿಕ್ಕಿ ಸವೆಸಿದೆ. ಕುಂಟುತ್ತ ಬಾಗಿಲಿಗೆ ಬಂದೆ."

ಹೆಜ್ಜೆ. ಹೆಜ್ಜೆ. ದನಿ ಸಣ್ಣಗಾಯಿತು, ನಿಲ್ಲಲಿಲ್ಲ.

"ನೀವು ಚಾಪೆ ಹಾಸಿ, ಹೆಸರು ಕೇಳಿ, ನೀರು ಕಾಯಿಸಿ ತಂದು ನನ್ನ ಕಾಲು ತೊಳೆದಿರಿ. ಆಗಲೇ ಹೇಳಬೇಕಾಗಿತ್ತು. ನೀರು ಬೆಚ್ಚಗಿತ್ತು. ಹೇಳಲಿಲ್ಲ."

ಮುಂದಿನ ಹೆಜ್ಜೆಗೆ ಹಿಮ ಸಿಗಲಿಲ್ಲ. ಕಪ್ಪು ಬೂದಿ ಸಿಕ್ಕಿತು, ಬೂಟಿನೊಳಗಿನ ಪಾದಕ್ಕೂ ತಿಳಿಯುವಷ್ಟು ಬೆಚ್ಚಗೆ.

ಇನ್ನು ಹತ್ತಲು ಏನೂ ಇರಲಿಲ್ಲ.

ಎದುರಿಗೆ ಹೊಗೆಯಜ್ಜನ ಬಾಯಿ, ಊರೊಂದು ಹಿಡಿಸುವಷ್ಟು ಅಗಲ, ಆಳದಲ್ಲಿ ಕೆಂಪಗೆ ಉಸಿರಾಡುತ್ತಿತ್ತು. ಸುತ್ತ ಎತ್ತ ನೋಡಿದರೂ ಮೋಡದ ಬಯಲು. ಅದರಾಚೆ ಸಣ್ಣ ಸಣ್ಣ ಬೆಟ್ಟಗಳ ತಲೆ, ಎಲ್ಲವೂ ಅವರಿಗಿಂತ ಕೆಳಗೆ.

ಶಂಭುಲಿಂಗ ಟೋಪಿ ತೆಗೆದು ಗಾಳಿಗೆ ಬೀಸಿ ಕೂಗಿದ. ಕೂಗು ಕುಳಿಯೊಳಗೆ ಹೋಗಿ ಸುತ್ತಿ ವಾಪಸ್ ಬಂತು. ಮತ್ತೆ ಕೂಗಿದ. ಅಡಿವೆಪ್ಪನ ಕುತ್ತಿಗೆ ಹಿಡಿದು ಅಲುಗಾಡಿಸಿದ. "ಬಂದೆವಲ್ಲೋ ಕಳ್ಳ. ಬಂದೇಬಿಟ್ಟೆವಲ್ಲೋ."

ಅಡಿವೆಪ್ಪನ ಕಣ್ಣಲ್ಲಿ ನೀರು. ಮುಖದ ತುಂಬ ನಗು. ಜೀವನದಲ್ಲಿ ಮೊದಲ ಸಲ ಒಂದು ಕೆಲಸ ಪೂರ್ತಿಯಾಗಿತ್ತು. ಅದನ್ನು ಇನ್ನು ಯಾರೂ ಅರ್ಧ ಮಾಡುವಂತಿರಲಿಲ್ಲ.

ಅವನು ಗುರುಗಳ ಕಡೆ ತಿರುಗಿ ಸೊಂಟದ ಹಗ್ಗ ಬಿಚ್ಚಿದ.

"ಗುರುಗಳೇ, ಕೆಳಗಿಳಿದ ಮೇಲೆ ನನ್ನ ಗಂಟುಮೂಟೆ ಕಟ್ಟಿಕೊಳ್ತೀನಿ."

ಗುರುಗಳು ಹೆಗಲ ಮೇಲಿನ ಕಂಬಳಿ ತೆಗೆದು ಕೊಡವಿದರು. ಬೆಚ್ಚನೆಯ ಬೂದಿಯ ಮೇಲೆ ಹಾಸಿ, ನಾಲ್ಕೂ ಮೂಲೆ ಕೈಯಿಂದ ಸವರಿ ಸರಿ ಮಾಡಿದರು. ಆಮೇಲೆ ಯಾವತ್ತೂ ನೋಡಿರದ ಹುಡುಗನನ್ನು ನೋಡುವ ಹಾಗೆ ಅಡಿವೆಪ್ಪನನ್ನು ನೋಡಿದರು.

"ಬಹಳ ದೂರ ನಡೆದು ಬಂದಿದ್ದೀಯ, ಸುಸ್ತಾಗಿರುತ್ತೆ. ಕೂತ್ಕೋ. ನಿನ್ನ ಹೆಸರೇನಪ್ಪ?"