ಕುಂಡದ ಆಲ, ನೆಲದ ಬೇರು

ಬೋನ್ಸಾಯ್ ಕ್ಲಬ್ಬಿನ ಇಂದುಮತಿಯವರು ಬೇಸಿಗೆಯಲ್ಲಿ ತಂಗಿಯ ಊರಿಗೆ ಹೋದರು. ಬೇರೆಯವರು ಮುಟ್ಟಿದರೆ ಗಿಡಗಳ ಆಕಾರ ಕೆಡುತ್ತದೆಂದು, ನೀರು ಹಾಕಲೂ ಯಾರಿಗೂ ಹೇಳಲಿಲ್ಲ. ಹಿತ್ತಿಲ ಕುಂಡಗಳಲ್ಲಿದ್ದ ಗಿಡಗಳೆಲ್ಲ ಒಣಗಿದವು. ಪುಟ್ಟ ಆಲ ಮಾತ್ರ ಹಸಿರಾಗಿ ಉಳಿಯಿತು. ಅದರ ಬೇರೊಂದು ಕುಂಡದ ತೂತಿನಿಂದ ನೆಲಕ್ಕಿಳಿದು ನೀರು ಹೀರಿ ಕೊಡುತ್ತಿತ್ತು.

ಇಂದುಮತಿಯವರು ಮರಳಿದ ಮೇಲೆ ಕ್ಲಬ್ಬಿನವರು ನೋಡಲು ಬಂದರು. "ಈ ಬಿಸಿಲಲ್ಲೂ ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದೀರಿ!" ಎಂದರು. ಇಂದುಮತಿಯವರು ನಕ್ಕು ಕುಂಡ ಎತ್ತಿದರು. ಬೇರು ಕಂಡಿತು.

"ಅಯ್ಯೋ, ಇದನ್ನಿಟ್ಕೊಂಡು ಪ್ರದರ್ಶನಕ್ಕೆ ಹೋಗೋದು ಹೇಗೆ?" ಎಂದು ಇಂದುಮತಿಯವರು ಕತ್ತರಿ ತಂದರು.

ಕತ್ತರಿ ಆಲವನ್ನು ಕೇಳಿತು: "ಈ ಬೇರು ನಿನ್ನದೇ?"

"ಅಲ್ಲ. ಮಣ್ಣಲ್ಲಿ ಹೊರಳಾಡುವವರಿಗೂ ನನಗೂ ಸಂಬಂಧವಿಲ್ಲ. ನಾನು ಕ್ಲಬ್ಬಿನ ಮರ."

ಬೇರು ಕೇಳಿತು: "ಮುಂದಿನ ಬೇಸಿಗೆಗೆ ನಿನಗೆ ನೀರು ಕೊಡುವವರು ಯಾರು?"

"ಇಷ್ಟು ಹೊಗಳುವವರು ನೀರು ಕೊಡುವುದಿಲ್ಲವೇ?" ಎಂದಿತು ಆಲ.

ಕತ್ತರಿ ತನ್ನ ಕೆಲಸ ಮಾಡಿತು. ಆಲಕ್ಕೆ ಮೊದಲ ಬಹುಮಾನ ಬಂತು.

ಮರುಬೇಸಿಗೆಯಲ್ಲಿ ಇಂದುಮತಿಯವರು ಮತ್ತೆ ಊರಿಗೆ ಹೋದರು. ಒಣಗಿ ಸತ್ತ ಆಲಕ್ಕೆ ಕ್ಲಬ್ಬಿನವರು ಹೊಳೆಯುವಂತೆ ಎಣ್ಣೆ ಹಚ್ಚಿ, ಕ್ಲಬ್ಬಿನ ಬಾಗಿಲ ಬಳಿ ಇಟ್ಟರು.

"ಆಕಾರ ಒಂಚೂರೂ ಕೆಟ್ಟಿಲ್ಲ ನೋಡಿ," ಎಂದರು. "ಇನ್ನು ನೀರು ಹಾಕೋ ಗೋಜೂ ಇಲ್ಲ."