ಹಾಲುವಾಣದ ಮುಳ್ಳು

ಹೊಳೆದಂಡೆಯ ಆ ಆಶ್ರಮದಲ್ಲಿ ಮಾಘಮಾಸಕ್ಕೆ ಒಂದು ವ್ರತವಿತ್ತು. ತಿಂಗಳು ಮುಗಿಯುವವರೆಗೆ ಯಾರೂ ದನಿ ಏರಿಸಿ ಮಾತಾಡುವಂತಿಲ್ಲ. ಏರಿಸಿದರೆ ವ್ರತ ಕೆಟ್ಟಂತೆ.

ಶಿಷ್ಯ ಮರುಳಯ್ಯ ಬೇಲಿಸಾಲಿನ ಹಳೆಯ ಹಾಲುವಾಣದ ಮರಕ್ಕೆ ಒರಗಿ ಕೂತು ವ್ರತ ನಡೆಸುತ್ತಿದ್ದ. ಮರದ ಎಲೆಯೆಲ್ಲ ಉದುರಿತ್ತು. ಬೋಳು ಕೊಂಬೆಗಳ ತುದಿಯಲ್ಲಿ ಕೆಂಪು ಹೂವಷ್ಟೇ ಇತ್ತು.

ಒಂದು ಮಧ್ಯಾಹ್ನ ಗುರು ನೀಲವ್ವ ಸೊಪ್ಪು ಕಿತ್ತುಕೊಂಡು ಹಿಂತಿರುಗಿದರು. ಒಳಗೆ ಹೊನ್ನಿ ಇರಲಿಲ್ಲ. ಗಂಡನ ಹೊಡೆತ ತಾಳಲಾರದೆ ಆಶ್ರಮಕ್ಕೆ ಓಡಿಬಂದಿದ್ದ ಹುಡುಗಿ ಅವಳು. ಅವಳ ಮುರಿದ ಕೈಗೆ ನೀಲವ್ವನೇ ಬಿದಿರಿನ ದಬ್ಬೆ ಕಟ್ಟಿದ್ದರು.

"ಹೊನ್ನಿ ಎಲ್ಲಿ?"

"ಗಂಡ ಬಂದಿದ್ದ, ಅವ್ವಾ. ಕರಕೊಂಡು ಹೋದ."

"ಹೋಗ್ತೀನಿ ಅಂದಳಾ?"

"ಇಲ್ಲ. ಬಾಗಿಲು ಹಿಡಕೊಂಡು ಅಳ್ತಿದ್ದಳು."

"ನೀನು?"

"ಹಾಗೆಲ್ಲ ಮಾಡಬಾರದಪ್ಪಾ ಅಂತ ಮೆತ್ತಗೆ ಹೇಳಿದೆ. ಅವನು ನನ್ನನ್ನೂ ಬೈದ. ಆದರೂ ನನ್ನ ದನಿ ಒಂಚೂರೂ ಏರಲಿಲ್ಲ, ಅವ್ವಾ."

ಕೊನೆಯ ಮಾತು ಹೇಳುವಾಗ ಅವನ ಮುಖ ಅರಳಿತು.

ನೀಲವ್ವ ಸೊಪ್ಪಿನ ಬುಟ್ಟಿಯನ್ನು ನೆಲಕ್ಕೆ ಅಪ್ಪಳಿಸಿದರು.

"ಥೂ ನಿನ್ನ! ಮೆತ್ತಗೆ ಹೇಳಿದನಂತೆ, ಮೆತ್ತಗೆ!"

ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಬೆಚ್ಚಿ ತಲೆ ಎತ್ತಿದರು.

"ಅವ್ವಾ, ವ್ರತ..."

"ಬೆಂಕಿ ಹಾಕು ವ್ರತಕ್ಕೆ!"

ಮರುಳಯ್ಯನಿಗೂ ಒಳಗೊಳಗೇ ಕುದಿಯಿತು. ಆದರೂ ತಗ್ಗಿದ ದನಿಯಲ್ಲೇ ಹೇಳಿದ:

"ಸಿಟ್ಟು ಬಿಡು ಅಂದವರು ನೀವೇ. ಅದಕ್ಕೇ ಈ ಮರದ ಹತ್ತಿರ ಪಾಠ ಕಲೀತಾ ಕೂತೆ. ಎಳೇದಿದ್ದಾಗ ಇದಕ್ಕೂ ಮೈತುಂಬ ಮುಳ್ಳಿತ್ತು. ಬಲಿತ ಹಾಗೆ ಉದುರಿಸಿಬಿಡ್ತು. ಈಗ ನೋಡಿ, ಬೆನ್ನು ಕೊಟ್ಟು ಕೂರಬಹುದು."

"ನಿನ್ನ ಬೆನ್ನಿಗೆ ಹಿತವಾಯಿತು, ಪಾಠ ಮುಗೀತು, ಅಲ್ವಾ? ಹತ್ತು ಮೇಲೆ."

"ಈಗಲಾ?"

"ಹತ್ತೋ!"

ಮರುಳಯ್ಯ ಹತ್ತಿದ. ಕಾಂಡ ನುಣುಪಾಗಿತ್ತು. ಕೊಂಬೆ ಬೆರಳುಗಾತ್ರವಾಗುವಲ್ಲಿ ಕೈ ಚಾಚಿದವನು ಕಿರುಚಿಕೊಂಡ. ಅಂಗೈಯಲ್ಲಿ ರಕ್ತ.

"ಏನೋ ಅದು?"

"ಮುಳ್ಳು! ಇಲ್ಲೆಲ್ಲ ಕರೀ ಮುಳ್ಳು, ಅವ್ವಾ."

"ಬುಡದಲ್ಲಿ ಯಾಕಿಲ್ಲ?"

"ಬುಡಕ್ಕೆ ದಪ್ಪ ತೊಗಟೆ ಇದೆ. ದನ ಬಾಯಿ ಹಾಕಿದರೂ ಏನೂ ಆಗಲ್ಲ."

"ಅಲ್ಲಿ?"

"ಇಲ್ಲಿ ತೊಗಟೆ ತೆಳು. ಮೂರೆಲೆಯ ಚಿಗುರು ಒಡೆಯೋದೂ ಇಲ್ಲೇ..."

ಮರುಳಯ್ಯ ಮೇಲಿನಿಂದಲೇ ಹೊನ್ನಿ ಹೋದ ದಾರಿಯತ್ತ ತಿರುಗಿ ನೋಡಿದ.

ಅವನು ಇಳಿಯುವಷ್ಟರಲ್ಲಿ ನೀಲವ್ವ ಸೆರಗು ಬಿಗಿದು, ಕೋಲು ಹಿಡಿದು ಹೊರಟಾಗಿತ್ತು.

"ಅವ್ವಾ, ನೀವು ಬೇಡ. ಅವನು ಕುಡಿದಿದ್ದಾನೆ."

"ಹೊನ್ನಿಯೂ ಈಗ ಅವನ ಜೊತೆಗೇ ಇದ್ದಾಳೆ."

ಮರುಳಯ್ಯ ಓಡಿಹೋಗಿ ಅವರಿಗಿಂತ ಮುಂದಾದ. ನಾಲ್ಕು ಹೆಜ್ಜೆ ಹಾಕಿ ತಿರುಗಿದ.

"ಅವನ ಬಾಗಿಲಲ್ಲಿ ನಿಂತು ನಾನು ಏನಂತ ಹೇಳಲಿ, ಅವ್ವಾ?"

"ಏನಾದರೂ ಹೇಳು. ಊರಿಗೆಲ್ಲ ಕೇಳಬೇಕು."