ಕೆಂಪು ಸೀಟು, ಗೋಣಿಚೀಲ

“ಗುರುಗಳೇ, ತಿಳಿದವನು ತನಗೆ ತಿಳಿದದ್ದನ್ನು ಹೇಳಿದರೆ ಸಾಲದೇ? ಎಲ್ಲಿ ನಿಂತು ಹೇಳಿದ ಎಂಬುದೂ ಮುಖ್ಯವೇ?” ಎಂದು ಶಿಷ್ಯ ಕೇಳಿದ.

ಶಿಷ್ಯ ಊರಿನ ಒಳಚರಂಡಿಯಲ್ಲಿ ಇಳಿದು ಕೆಲಸ ಮಾಡುವವನು. ಗುರುಗಳು ಒಂದು ಹಾಳು ಗೋದಾಮಿನಲ್ಲಿ ಪ್ರತಿ ಭಾನುವಾರ ಅಂಥ ಕೆಲಸಗಾರರಿಗೆ ಓದು ಬರಹ ಕಲಿಸುತ್ತಿದ್ದ ಮುದುಕರು. ಹಿಂದಿನ ತಿಂಗಳು ಪೆಂಚಾಲಯ್ಯ, ಗಂಗುಲಪ್ಪ ಎಂಬ ಇಬ್ಬರು ಒಂದೇ ಗುಂಡಿಯಲ್ಲಿ ಉಸಿರುಕಟ್ಟಿ ಸತ್ತಿದ್ದರು. ಇಬ್ಬರೂ ಶಿಷ್ಯನ ಜೊತೆಯವರು. ಅವರು ಯಾಕೆ ಸತ್ತರೆಂದು ವಿಚಾರಿಸಲು, ಮುಂದೆ ಯಾರೂ ಹಾಗೆ ಸಾಯದಂತೆ ನೋಡಿಕೊಳ್ಳಲು ಒಂದು ಸಮಿತಿ ಆಗಿತ್ತು. ಅದರಲ್ಲಿ ಒಬ್ಬ ಇಂಜಿನಿಯರ್ ಇದ್ದ, ಒಬ್ಬ ಡಾಕ್ಟರ್ ಇದ್ದ, ಒಬ್ಬ ನಿವೃತ್ತ ಅಧಿಕಾರಿ ಇದ್ದ. ಗುಂಡಿಗೆ ಇಳಿದವನು ಒಬ್ಬನೂ ಇರಲಿಲ್ಲ.

“ಸೋಮವಾರ ನನ್ನನ್ನು ಕರೆದಿದ್ದಾರೆ,” ಎಂದ ಶಿಷ್ಯ. ಅವನ ಮುಖದಲ್ಲಿ ಸಂತೋಷವಿತ್ತು. “ಸದಸ್ಯನಾಗಿ ಸೇರಿಸಿಕೊಳ್ಳೋಕೆ ಆಗಲ್ಲವಂತೆ. ಆದರೆ ಏನಾದರೂ ಕೇಳಬೇಕು ಅನ್ನಿಸಿದರೆ ಕೇಳ್ತಾರಂತೆ. ಕುರ್ಚಿ ಹಾಕಿಸಬೇಕೇನಯ್ಯ ಅಂದರು ಗುಮಾಸ್ತರು. ಬೇಡ ಸಾರ್, ಬಾಗಿಲ ಹತ್ತಿರ ನಿಂತೇ ಹೇಳ್ತೀನಿ ಅಂದೆ. ಒಳ್ಳೆ ಮನುಷ್ಯ ನೀನು ಅಂತ ಬೆನ್ನು ತಟ್ಟಿದರು.”

ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ಯಜಮಾನನಿದ್ದ. ಅವನ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಹಳೆಯ ಇಂಗ್ಲಿಷ್ ಕಾರಿತ್ತು. ಎರಡೇ ಸೀಟು, ಮೇಲೆ ತಗಡಿಲ್ಲ, ಉದ್ದನೆಯ ಮೂತಿ. ದೇಶ ಬಿಟ್ಟು ಹೊರಟ ಒಬ್ಬ ಬಿಳಿ ದೊರೆಯಿಂದ ಅವನ ತಂದೆ ಕೊಂಡದ್ದು. ಸೀಟುಗಳಿಗೆ ಕೆಂಪು ಚರ್ಮ ಹೊದಿಸಿತ್ತು. ಆ ಚರ್ಮವೂ ಇಂಗ್ಲೆಂಡಿನಿಂದಲೇ ಬಂದದ್ದು ಎಂದು ಯಜಮಾನ ಬಂದವರಿಗೆಲ್ಲ ಹೇಳುತ್ತಿದ್ದ.

ಯಜಮಾನ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನ್ನ ಕತೆ ಸುಲಭವಾಗುತ್ತಿತ್ತು. ಅವನಿಗೆ ಆ ಕಾರನ್ನು ಮನೆಯಲ್ಲೇ, ತಾನೇ ರಿಪೇರಿ ಮಾಡಬೇಕೆಂಬ ಆಸೆ. ಪ್ರತಿ ಭಾನುವಾರ ಬೆಳಿಗ್ಗೆ ಹಳೆಯ ಅಂಗಿ ತೊಟ್ಟು, ಇಂಗ್ಲಿಷ್ ಪುಸ್ತಕ ಹಿಡಿದು ಶೆಡ್ಡಿಗೆ ಬರುತ್ತಿದ್ದ. ಒಂದು ಬೆತ್ತದ ಕುರ್ಚಿಯಲ್ಲಿ ಕೂತು ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದ. ಕಾರಿನ ಕೆಳಗೆ ಒಬ್ಬ ಮೆಕ್ಯಾನಿಕ್ ಅಂಗಾತ ಮಲಗಿ ಕೆಲಸ ಮಾಡುತ್ತಿದ್ದ. ಊಟದ ಹೊತ್ತಿಗೆ ಯಜಮಾನ ಬೆರಳಿಗೆ ಸ್ವಲ್ಪ ಗ್ರೀಸು ಮೆತ್ತಿಕೊಂಡು ಒಳಗೆ ಹೋಗುತ್ತಿದ್ದ. “ಇವತ್ತು ಕಾರ್ಬ್ಯುರೇಟರ್ ಬಿಚ್ಚಿದೆ,” ಎನ್ನುತ್ತಿದ್ದ.

ಮೆಕ್ಯಾನಿಕ್ಕಿಗೆ ಇಂಗ್ಲಿಷ್ ಬಾರದು. ಆದರೆ ಇಪ್ಪತ್ತೆರಡು ವರ್ಷದಿಂದ ಆ ಕಾರು ಅವನ ಕೈಕೆಲಸದಿಂದಲೇ ಓಡಿತ್ತು. ಅದರ ನಟ್ಟುಗಳ ಅಳತೆ ಬೇರೆ. ಪೇಟೆಯಲ್ಲಿ ಸಿಗುವ ಯಾವ ಸ್ಪ್ಯಾನರೂ ಅವಕ್ಕೆ ಕೂರುತ್ತಿರಲಿಲ್ಲ. ಅವನು ಬೇರೆ ಸ್ಪ್ಯಾನರುಗಳನ್ನು ತಂದು, ಅರದಿಂದ ಉಜ್ಜಿ ಉಜ್ಜಿ, ಆ ಕಾರಿನ ಅಳತೆಗೆ ಹದಿನಾಲ್ಕು ಸ್ಪ್ಯಾನರು ಮಾಡಿಕೊಂಡಿದ್ದ.

ಅಲ್ಲಿ ಒಂದು ನಿಯಮವಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮೆಕ್ಯಾನಿಕ್ ಆ ಸೀಟಿನಲ್ಲಿ ಕೂರುವಂತಿಲ್ಲ. ಇಂಜಿನ್ ಚಾಲೂ ಮಾಡಬೇಕಾದರೆ ಬಾಗಿಲ ಹೊರಗೆ ನಿಂತು, ಕೈ ಚಾಚಿ, ಸ್ಟಾರ್ಟರ್ ಗುಂಡಿ ಎಳೆಯುತ್ತಿದ್ದ. ಆಕ್ಸಿಲರೇಟರ್ ಒತ್ತಲು ಒಂದು ಬಿದಿರ ಕೋಲು ಇಟ್ಟುಕೊಂಡಿದ್ದ. ಇಪ್ಪತ್ತೆರಡು ವರ್ಷ ಅವನ ಕಾಲಿನ ಕೆಲಸವನ್ನು ಆ ಕೋಲು ಮಾಡಿತು. ನೋಡಿದವರು ಜಾಣ ಎಂದರು. ಅವನೂ ಹಾಗೇ ಅಂದುಕೊಂಡ.

ಆಯುಧಪೂಜೆ ಬಂತು. ಕಾರನ್ನು ತೊಳೆದು ಹೂವು ಹಾಕಿದರು. ಹದಿನಾಲ್ಕು ಸ್ಪ್ಯಾನರುಗಳನ್ನು ಮಣೆಯ ಮೇಲೆ ಸಾಲಾಗಿ ಇಟ್ಟು ಕುಂಕುಮ ಹಚ್ಚಿದರು. ಅವುಗಳನ್ನು ಮಾಡಿದವನು ಗೇಟಿನ ಹೊರಗೆ ನಿಂತಿದ್ದ. ಆ ಕಾರಿನ ಪೆಟ್ರೋಲ್ ಟ್ಯಾಂಕು ಹಿಂದುಗಡೆ, ಎಲ್ಲರಿಗೂ ಕಾಣುವ ಹಾಗೆ ಇತ್ತು. ಅದರ ಮುಚ್ಚಳ ದೊಡ್ಡದು, ಹೊಳೆಯುವಂಥದು. ಯಜಮಾನನ ತಾಯಿ ಅದರ ನಟ್ಟನಡುವೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಮೆತ್ತಿದಳು. ಪೂಜೆಯ ಗುರುತನ್ನು ಯಾರೂ ಅಳಿಸಕೂಡದು ಎಂದಳು.

ಅದಾದ ಮರುವಾರದಿಂದ ಕಾರಿಗೆ ರೋಗ ಹಿಡಿಯಿತು.

ಮನೆಯಲ್ಲಿ ಇಂಜಿನ್ ಚೆನ್ನಾಗಿ ಓಡುತ್ತಿತ್ತು. ರಸ್ತೆಗೆ ಹೋದರೆ ಐದಾರು ಮೈಲಿಗೆ ಕೆಮ್ಮಿ ನಿಲ್ಲುತ್ತಿತ್ತು. ಯಜಮಾನ ಇಳಿದು ಒಂದು ಸಿಗರೇಟು ಸೇದುವಷ್ಟರಲ್ಲಿ ತಾನಾಗಿಯೇ ಸರಿಯಾಗುತ್ತಿತ್ತು. ಮತ್ತೆ ಸ್ವಲ್ಪ ದೂರ ಹೋಗಿ ನಿಲ್ಲುತ್ತಿತ್ತು. ಮೆಕ್ಯಾನಿಕ್ ಪ್ಲಗ್ಗು ಬದಲಿಸಿದ. ಕಿಡಿ ಹೊತ್ತಿಸುವ ಪಾಯಿಂಟು ಉಜ್ಜಿದ. ಕಾರ್ಬ್ಯುರೇಟರ್ ಮೂರು ಸಲ ಬಿಚ್ಚಿ ತೊಳೆದ. ಏನೂ ಆಗಲಿಲ್ಲ.

ಆ ಕಾರಿನಲ್ಲಿ ಪೆಟ್ರೋಲ್ ಎಳೆಯುವ ಪಂಪು ಟಿಕ್ ಟಿಕ್ ಎಂದು ಸದ್ದು ಮಾಡುತ್ತದೆ. ಸೀಟಿನಲ್ಲಿ ಕೂತವನಿಗೆ ಅದು ಕೇಳಿಸುತ್ತದೆ. ಆ ಸದ್ದು ಜೋರಾದರೆ ಪೈಪಿನೊಳಗೆ ಎಲ್ಲೋ ಗಾಳಿ ನುಗ್ಗುತ್ತಿದೆ ಎಂದು ಅರ್ಥ. ನಿಧಾನವಾಗಿ ನಿಂತುಹೋದರೆ ಪೆಟ್ರೋಲ್ ಬರುವ ದಾರಿ ಕಟ್ಟಿದೆ ಎಂದು ಅರ್ಥ. ಎರಡೂ ಒಂದಕ್ಕೊಂದು ಉಲ್ಟಾ. ಮೆಕ್ಯಾನಿಕ್ ಕೇಳಿದ:

“ಬುದ್ಧೀ, ಗಾಡಿ ನಿಲ್ಲೋಕೆ ಮುಂಚೆ ಪಂಪಿನ ಸದ್ದು ಜೋರಾಗುತ್ತಾ, ನಿಧಾನ ಆಗುತ್ತಾ?”

ಯಜಮಾನ ಆ ಸದ್ದನ್ನು ಒಂದು ದಿನವೂ ಗಮನಿಸಿರಲಿಲ್ಲ. ಗೊತ್ತಿಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. “ಜೋರಾಗುತ್ತೆ,” ಎಂದ.

ಆ ಒಂದು ಮಾತಿನ ಮೇಲೆ ಮೆಕ್ಯಾನಿಕ್ ಆರು ಭಾನುವಾರ ಕಾರಿನ ಕೆಳಗೆ ಮಲಗಿದ. ಪೈಪಿನ ಒಂದೊಂದು ಜೋಡಣೆ ಬಿಚ್ಚಿ ಹೊಸ ವಾಷರ್ ಹಾಕಿದ. ಇಲ್ಲದ ತೂತನ್ನು ಹುಡುಕಿದ. ಕಣ್ಣಿಗೆ ಪೆಟ್ರೋಲ್ ಬಿದ್ದು ಉರಿಯಿತು. ಬೆರಳ ಚರ್ಮ ಸುಲಿಯಿತು. ಕಾರು ಆರನೆಯ ಮೈಲಿಯಲ್ಲಿ ನಿಲ್ಲುತ್ತಲೇ ಇತ್ತು.

ಯಜಮಾನನ ಭಾವಮೈದ ಒಂದು ದಿನ ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳಿದ: “ಭಾವ, ನಿಮಗೆ ಅರ್ಥ ಆಗಲಿಲ್ವಾ? ಬೇಕೂಂತಲೇ ಕೆಡಿಸಿಟ್ಟಿದಾನೆ. ಗಾಡಿ ಸರಿಹೋದರೆ ಇವನನ್ನ ಮಾತಾಡಿಸೋರು ಯಾರು?”

ಯಜಮಾನ ಹೌದು ಎನ್ನಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಸಂಕ್ರಾಂತಿಗೆ ಮುಂಚೆ ಹಳೆಯ ಕಾರುಗಳ ಮೆರವಣಿಗೆ ಇದೆ, ಅಷ್ಟರಲ್ಲಿ ಆಗದಿದ್ದರೆ ಬೇರೆಯವರನ್ನು ಕರೆಸುತ್ತೇನೆ ಎಂದಷ್ಟೇ ಹೇಳಿ ಪುಸ್ತಕ ಮಡಚಿದ.

ಮೆಕ್ಯಾನಿಕ್ಕನ್ನು ಕೆಲಸ ಹೋಗುವ ಭಯಕ್ಕಿಂತ ಭಾವಮೈದನ ಮಾತು ಹೆಚ್ಚು ಸುಟ್ಟಿತು. ಇಪ್ಪತ್ತೆರಡು ವರ್ಷದ ಕೈಯನ್ನು ಕಳ್ಳ ಕೈ ಎಂದಿದ್ದರು. ಅವನು ಕಾರಿನ ಕೆಳಗಿನಿಂದ ಎದ್ದು ಬಂದು ಕೈಮುಗಿದು ನಿಂತ.

“ಬುದ್ಧೀ, ಒಂದೇ ಸಲ ನಾನು ಕೂತು ಓಡಿಸಿ ನೋಡ್ತೀನಿ. ಆರು ಮೈಲಿ ಸಾಕು. ಗೋಣಿಚೀಲ ಹಾಸ್ಕೊಂಡೇ ಕೂರ್ತೀನಿ.”

ಯಜಮಾನ ನಕ್ಕ. “ಗೋಣಿ ಹಾಸಿದರೆ ಅದು ಸೀಟಾಗಿರುತ್ತೇನೋ? ನಮ್ಮಪ್ಪ ಕೂತ ಜಾಗ ಅದು.”

“ಪಕ್ಕದ ಸೀಟಲ್ಲಾದರೂ...”

“ನಿನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಪೇಟೆ ಬೀದೀಲಿ ಹೋಗಲಾ? ಬೇಕಾದರೆ ಸೈಕಲ್ಲಲ್ಲಿ ಹಿಂದೆ ಬಾ.”

ಅವನು ಸೈಕಲ್ಲಿನಲ್ಲಿ ಹೋದ. ಕಾರು ಮುಂದೆ ಹೋಯಿತು, ಆರನೆಯ ಮೈಲಿಯಲ್ಲಿ ನಿಂತಿತು. ಅವನು ಏದುಸಿರು ಬಿಡುತ್ತ ತುಳಿದು ತಲುಪುವಷ್ಟರಲ್ಲಿ ಅದು ಸರಿಯಾಗಿ ಮತ್ತೆ ಓಡಲು ಸಿದ್ಧವಾಗಿತ್ತು. ನಾಲ್ಕು ಸಲ ಹೀಗೆ ಹೋದ. ಕಾರು ಕೆಟ್ಟಿರುವಾಗ ಅವನು ಅಲ್ಲಿ ಇರಲಿಲ್ಲ. ಅವನು ಅಲ್ಲಿಗೆ ಬಂದಾಗ ಕಾರು ಕೆಟ್ಟಿರಲಿಲ್ಲ.

ಮೆರವಣಿಗೆಯ ದಿನ ಬಂತು. ಪಕ್ಕದ ಊರಿಗೆ ಹತ್ತು ಮೈಲಿ. ಕಾರುಗಳ ಹಿಂದೆ ಹಗ್ಗ, ನೀರು, ಕುರ್ಚಿಗಳನ್ನು ಹೊತ್ತ ಒಂದು ಲಾರಿ. ಮೆಕ್ಯಾನಿಕ್ಕನ್ನು ಲಾರಿಯಲ್ಲಿ, ಕುರ್ಚಿಗಳ ನಡುವೆ ನಿಲ್ಲಿಸಿದ್ದರು. ಆರನೆಯ ಮೈಲಿಯಲ್ಲಿ ಕಾರು ಕೆಮ್ಮಿತು, ನಿಂತಿತು. ಮಿಕ್ಕ ಕಾರುಗಳು ಹಾರ್ನ್ ಹೊಡೆಯುತ್ತ ದಾಟಿದವು. ಲಾರಿ ಬೆನ್ನಿಗೇ ಇತ್ತು. ಮೆಕ್ಯಾನಿಕ್ ಹಾರಿ ಇಳಿದ.

“ತಳ್ಳೋ! ನೋಡ್ತಾ ನಿಂತಿದ್ದೀಯಲ್ಲ, ತಳ್ಳು!” ಎಂದ ಯಜಮಾನ. ಅವನು ಸೀಟು ಬಿಟ್ಟು ಇಳಿಯಲಿಲ್ಲ.

ಮೆಕ್ಯಾನಿಕ್ ಬಗ್ಗಿ ಟ್ಯಾಂಕಿಗೆ ಹೆಗಲು ಕೊಟ್ಟ. ಅವನ ಕಿವಿ ಮುಚ್ಚಳಕ್ಕೆ ತಾಕಿತು. ಒಳಗಿನಿಂದ ಒಂದು ಸಣ್ಣ ಸಿಳ್ಳು ಕೇಳಿಸಿತು. ಟ್ಯಾಂಕು ಉಸಿರಿಗಾಗಿ ಒದ್ದಾಡುತ್ತಿತ್ತು. ಅವನು ತಳ್ಳುವುದನ್ನು ಬಿಟ್ಟು ಮುಚ್ಚಳ ತಿರುಗಿಸಿದ. ಉಸ್ಸೆಂದು ಗಾಳಿ ಒಳಗೆ ನುಗ್ಗಿತು.

“ಈಗ ಗುಂಡಿ ಎಳೀರಿ ಬುದ್ಧೀ,” ಎಂದ. ಇಂಜಿನ್ ಚಾಲೂ ಆಯಿತು.

ಆ ಮುಚ್ಚಳದ ನಡುವೆ ಸೂಜಿಯ ಮೊನೆಯಷ್ಟು ಒಂದು ತೂತಿರುತ್ತದೆ. ಪೆಟ್ರೋಲ್ ಕಡಿಮೆಯಾದ ಹಾಗೆ ಆ ತೂತಿನಿಂದ ಗಾಳಿ ಒಳಗೆ ಹೋಗಬೇಕು. ಹೋಗದಿದ್ದರೆ ಪಂಪು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಎಣ್ಣೆ ಕುಂಕುಮ ಆ ತೂತಿನಲ್ಲಿ ಕೂತು ಕಲ್ಲಾಗಿತ್ತು. ಕಾರು ನಿಂತಾಗ ಮುಚ್ಚಳದ ಅಂಚಿನಿಂದ ಸ್ವಲ್ಪ ಸ್ವಲ್ಪವೇ ಗಾಳಿ ನುಸುಳುತ್ತಿತ್ತು, ಕಾರು ಸರಿಯಾಗುತ್ತಿತ್ತು. ಪಂಪಿನ ಸದ್ದು ಜೋರಾಗುತ್ತಿರಲಿಲ್ಲ. ನಿಂತುಹೋಗುತ್ತಿತ್ತು. ಮೆಕ್ಯಾನಿಕ್ ಆ ಸೀಟಿನಲ್ಲಿ ಒಂದು ಸಲ ಕೂತಿದ್ದರೆ ಮೊದಲ ದಿನವೇ ಅದು ಅವನ ಕಿವಿಗೆ ಬೀಳುತ್ತಿತ್ತು. ಅವನು ರಸ್ತೆಯ ಬದಿಯ ಜಾಲಿಯಿಂದ ಒಂದು ಮುಳ್ಳು ಮುರಿದು ಆ ತೂತನ್ನು ಚುಚ್ಚಿ ಬಿಡಿಸಿದ. ಏನಾಗಿತ್ತೆಂದು ಯಜಮಾನನಿಗೆ ಎಲ್ಲವನ್ನೂ ವಿವರವಾಗಿ ಹೇಳಿದ.

“ಒಂದು ತೂತು ಹುಡುಕೋಕೆ ನಿನಗೆ ಎರಡೂವರೆ ತಿಂಗಳು ಬೇಕಾಯ್ತೇನೋ?” ಎಂದು ಯಜಮಾನ ಗೇರ್ ಹಾಕಿದ.

ಪಕ್ಕದ ಊರಿನಲ್ಲಿ ಶಾಮಿಯಾನ ಹಾಕಿದ್ದರು. ಯಜಮಾನನಿಗೆ ಶಾಲು ಹೊದಿಸಿದರು. ಅವನು ಮೈಕಿನ ಮುಂದೆ ಮುಚ್ಚಳದ ಕತೆ ಹೇಳಿದ. ಕತೆಯಲ್ಲಿ ಮುಳ್ಳು ಅವನ ಕೈಯಲ್ಲಿತ್ತು. ಕೊನೆಗೆ ಅವನೆಂದ: “ಮೇಲೆ ಕೂತು ಓಡಿಸುವವನಿಗೇ ಗಾಡಿಯ ಕಾಯಿಲೆ ಗೊತ್ತಾಗುವುದು.” ಅವನ ಬಾಯಿಂದ ಆ ವರ್ಷ ಬಂದ ಒಂದೇ ಒಂದು ನಿಜ ಅದು. ಜನ ಚಪ್ಪಾಳೆ ತಟ್ಟಿದರು. ತಟ್ಟಿದವರಲ್ಲಿ ಶಾಮಿಯಾನದ ಹೊರಗೆ ನಿಂತ ಮೆಕ್ಯಾನಿಕ್ಕೂ ಇದ್ದ.

ಮರುದಿನ ಅವನು ಶೆಡ್ಡಿಗೆ ಬಂದಾಗ ಬಾಗಿಲಿಗೆ ಬೀಗ ಹಾಕಿತ್ತು. ಯಜಮಾನ ಜಗುಲಿಯಿಂದಲೇ ಹೇಳಿದ: “ಕಾರು ಸರಿಹೋಯ್ತಲ್ಲ. ಇನ್ನು ನಾನೇ ನೋಡ್ಕೋತೀನಿ.”

“ನನ್ನ ಸ್ಪ್ಯಾನರು ಒಳಗಿವೆ ಬುದ್ಧೀ.”

“ಅವು ಇರಲಿ ಬಿಡು. ಬೇರೆ ಯಾವ ಗಾಡಿಗೂ ಅವು ಕೂರಲ್ಲ. ಪೂಜೆಗೆ ಬೇಕಾಗುತ್ತೆ.”

ಮುಂದಿನ ಆಯುಧಪೂಜೆಯಲ್ಲಿ ಹದಿನಾಲ್ಕು ಸ್ಪ್ಯಾನರುಗಳೂ ಮಣೆಯ ಮೇಲಿದ್ದವು. ಅವಕ್ಕೆ ಕುಂಕುಮವಿತ್ತು, ಹೂವಿತ್ತು. ಗೇಟಿನ ಹೊರಗೆ ಯಾರೂ ಇರಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು.

“ಆ ಮೆಕ್ಯಾನಿಕ್ಕಿನ ತಪ್ಪೇನು ಗುರುಗಳೇ?” ಎಂದ ಶಿಷ್ಯ. “ಅವನಿಗೆ ಕೆಲಸ ಗೊತ್ತಿತ್ತು. ಕೂರೋಕೆ ಬಿಡಿ ಅಂತ ಬಾಯಿಬಿಟ್ಟು ಕೇಳಿದನಲ್ಲ. ಇನ್ನೇನು ಮಾಡಬೇಕಿತ್ತು?”

“ಕೇಳಿದ. ಕೇಳಿದ ಉಸಿರಿನಲ್ಲೇ ಗೋಣಿಚೀಲ ಹಾಸಿಕೊಳ್ಳುತ್ತೇನೆ ಎಂದೂ ಹೇಳಿದ. ತಾನು ಆ ಸೀಟಿಗೆ ತಕ್ಕವನಲ್ಲ ಎಂದು ಯಜಮಾನ ಹೇಳುವ ಮೊದಲು ಅವನೇ ಹೇಳಿದ. ಆಮೇಲೆ ಯಜಮಾನನಿಗೆ ನಗುವುದೊಂದೇ ಕೆಲಸ ಉಳಿಯಿತು.”

“ಅದು ವಿನಯ, ಗುರುಗಳೇ. ಅವನು ಒರಟಾಗಿ ಕೇಳಿದ್ದರೆ ಅಂದೇ ಗೇಟಿನ ಹೊರಗೆ ಹಾಕುತ್ತಿದ್ದರು.”

“ವಿನಯವಾಗಿ ಕೇಳಿದವನನ್ನು ಎಲ್ಲಿ ಹಾಕಿದರು?”

ಶಿಷ್ಯ ಜೇಬಿನಿಂದ ಸಮಿತಿಯವರು ಕೊಟ್ಟ ಕರೆಯ ಕಾಗದ ತೆಗೆದು, ಮಡಿಕೆ ಬಿಡಿಸಿ ಗುರುಗಳ ಮುಂದೆ ಹಿಡಿದ.

“ನನ್ನದು ಬೇರೆ,” ಎಂದ. “ನನಗೆ ಬೇಕಾಗಿರುವುದು ಮರ್ಯಾದೆಯಲ್ಲ. ಗುಂಡಿಯೊಳಗೆ ಗಾಳಿ ಎಲ್ಲಿ ಕೆಡುತ್ತದೆ, ಹಗ್ಗ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನಾನು ಹೇಳಬೇಕು. ಇನ್ನೊಬ್ಬ ಪೆಂಚಾಲಯ್ಯ ಸಾಯಬಾರದು, ಇನ್ನೊಬ್ಬ ಗಂಗುಲಪ್ಪ ಸಾಯಬಾರದು. ಅದಕ್ಕೆ ಕುರ್ಚಿ ಯಾಕೆ?”

ಗುರುಗಳು ಕಾಗದವನ್ನು ಓದಲಿಲ್ಲ. ಅದನ್ನು ಮೊದಲಿನಂತೆಯೇ ಮಡಚಿ ಅವನ ಕೈಗೆ ಹಿಂದಿರುಗಿಸಿದರು.

“ನಿಂತೇ ಹೇಳುತ್ತೇನೆ ಎಂದು ಬಂದೆಯಲ್ಲ, ನೀನು ಹಾಸಿದ ಗೋಣಿಚೀಲ ಅದು.”